ಶೇ. 55 ಎಂದರೆ ಯಾವುದರಲ್ಲಿ 55?

ಕಟ್ಟಡ ಗುತ್ತಿಗೆದಾರರ ಲೆಕ್ಕಪತ್ರ ನೋಡಲು ಕುಳಿತಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಕಾಮಗಾರಿ ಸ್ಥಳದಿಂದ ಎಂಜಿನಿಯರ್ ಕಳುಹಿಸುವ ಶೇಕಡಾವಾರು ಈ ತಿಂಗಳ ಕೆಲಸದ್ದೋ, ಆರಂಭದಿಂದ ಈವರೆಗೆ ಆದದ್ದೋ? ಕೆಲಸ ಮುಗಿದಷ್ಟಕ್ಕೆ ಆಗಾಗ ಮಾಡುವ ಹಂತದ ಬಿಲ್ಲಿನ ದೊಡ್ಡ ತಪ್ಪುಗಳು ಹುಟ್ಟುವುದು ಇಲ್ಲೇ.

ಅಂದಾಜು ಪಟ್ಟಿಯಲ್ಲಿ ಕಂಬ, ಬೀಮು, ಸ್ಲ್ಯಾಬ್ ಕೆಲಸಕ್ಕೆ 18 ಲಕ್ಷ ಇದೆ ಎಂದುಕೊಳ್ಳಿ. ಮೊದಲ ತಿಂಗಳು ಶೇ. 25 ಮುಗಿದು 4.5 ಲಕ್ಷದ ಬಿಲ್ಲು ಹೋಯಿತು. ಮರುತಿಂಗಳು ‘ಶೇ. 55 ಆಗಿದೆ’ ಎಂಬ ವರದಿ ಬಂತು. ಹೊಸದಾಗಿ ಆದದ್ದು ಶೇ. 30, ಅಂದರೆ 5.4 ಲಕ್ಷ. ಆದರೆ ಕ್ವಿಕ್‌ಬುಕ್ಸ್‌ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿ ಅಂದಾಜು ಪಟ್ಟಿಯಿಂದ ಹಂತದ ಬಿಲ್ಲು ತೆಗೆಯುವಾಗ ತುಂಬಬೇಕಾದದ್ದು ಈ ಬಿಲ್ಲಿನ ಪಾಲನ್ನು ಮಾತ್ರ. ಗುಮಾಸ್ತರು ವರದಿ ನೋಡಿ 55 ಎಂದು ತುಂಬಿದರೆ 9.9 ಲಕ್ಷದ ಬಿಲ್ಲು ಹೊರಡುತ್ತದೆ. ಒಟ್ಟು ಇನ್ನೂ ಶೇ. 80 ಮಾತ್ರ, ನೂರು ದಾಟಿಲ್ಲ. ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕೆಲಸ ಶೇ. 45 ಬಾಕಿ ಇರುವಾಗ ಬಿಲ್ಲು ಮಾಡಲು ಉಳಿದಿರುವುದು ಶೇ. 20! ಮಾಲೀಕರ 4.5 ಲಕ್ಷ ಮುಂಗಡವಾಗಿ ಬಂದು, ಬೇರೆ ಕೆಲಸದ ಸಿಮೆಂಟಿಗೋ ಕೂಲಿಗೋ ಖರ್ಚಾಗಿ ಹೋಗಿರುತ್ತದೆ.

ಹಾಗಾಗಿ ಪ್ರತಿ ಬಿಲ್ಲಿನ ಜೊತೆ ‘ಈವರೆಗೆ, ಹಿಂದಿನ ಬಿಲ್ಲುಗಳವರೆಗೆ, ಈ ಬಿಲ್ಲಿಗೆ’ ಎಂಬ ಮೂರು ಕಾಲಂಗಳ ಹಾಳೆ ಇರಲೇಬೇಕು ಎಂದು ಹಟ ಹಿಡಿಯುತ್ತೇನೆ. ಅಂದಾಜು ಪಟ್ಟಿಯೂ ಬಿಡಿಬಿಡಿಯಾಗಿರಬೇಕು. ‘ಕಟ್ಟಡ ಕೆಲಸ’ ಎಂಬ ಒಂದೇ ಸಾಲಿದ್ದರೆ ಯಾವ ತಂತ್ರಾಂಶವೂ ನೆರವಿಗೆ ಬಾರದು. ಹೆಚ್ಚುವರಿ ಕೆಲಸವನ್ನು ಒಪ್ಪಿಗೆ ಸಿಕ್ಕ ಮೇಲೆ ಹೊಸ ಸಾಲಾಗಿಯೇ ಸೇರಿಸಿ. ಹಳೆಯ ಸಾಲಿನೊಳಗೆ ತುರುಕಬೇಡಿ.

ತಡೆಹಿಡಿಯುವ ಹಣದ, ಅಂದರೆ ದೋಷ ಸರಿಪಡಿಸುವ ಅವಧಿ ಮುಗಿಯುವವರೆಗೆ ಮಾಲೀಕರು ಪ್ರತಿ ಬಿಲ್ಲಿನಲ್ಲೂ ಹಿಡಿದಿಟ್ಟುಕೊಳ್ಳುವ ಪಾಲಿನ, ವಿಷಯವೂ ಇದೆ. ಒಪ್ಪಂದದಂತೆ ಶೇ. 10 ಹಿಡಿದರೆ 5.4 ಲಕ್ಷದಲ್ಲಿ ಈಗ ಕೈಗೆ ಬರುವುದು 4.86 ಲಕ್ಷ. ಉಳಿದ 54,000 ಆದಾಯದಲ್ಲಿನ ಕಡಿತವಲ್ಲ, ಬರಬೇಕಾದ ಹಣ. ಅದಕ್ಕೊಂದು ಪ್ರತ್ಯೇಕ ಆಸ್ತಿ ಖಾತೆ ತೆರೆದು, ಬಿಲ್ಲಿನಲ್ಲಿ ಕಳೆಯುವ (ಮೈನಸ್) ಸಾಲಾಗಿ ತೋರಿಸಿ. ಸಾಮಾನ್ಯ ಬಾಕಿಯಲ್ಲೇ ಬಿಟ್ಟರೆ, ವಾಯಿದೆ ಬಾರದ ಹಣವೂ ಗಡುವು ಮೀರಿದ ಬಾಕಿಯಂತೆ ಕಾಣುತ್ತದೆ. ಸಕಾಲಕ್ಕೆ ಪಾವತಿಸಿದ ಮಾಲೀಕರಿಗೆ ನೆನಪೋಲೆ ಹೋಗುತ್ತದೆ. ದೋಷ ಸರಿಪಡಿಸುವ ಅವಧಿ ಮುಗಿದ ಮೇಲೆ ಅದೇ ಖಾತೆಯಿಂದ ಕೊನೆಯ ಬಿಲ್ಲು ತೆಗೆಯಿರಿ. ಆಗ ಆ ಖಾತೆಯಲ್ಲಿ ಆ ಕಾಮಗಾರಿಯ ಶಿಲ್ಕು ಸೊನ್ನೆಯಾಗದಿದ್ದರೆ, ಯಾವುದೋ ಬಿಲ್ಲಿನಲ್ಲಿ ಕಡಿತದ ಸಾಲು ಬಿಟ್ಟುಹೋಗಿದೆ ಇಲ್ಲವೇ ತಪ್ಪು ಮೊತ್ತ ಸೇರಿದೆ. ಮೊದಲ ಬಿಲ್ಲಿನಿಂದಲೇ ಹುಡುಕಲು ಕೂರಿ.