ಅರ್ಜಿ ತೆರೆಯುವ ಮೊದಲು ಆಗಬೇಕಾದ ಕೆಲಸ

ಮಲೆನಾಡಿನ ಮನೆಗಳಲ್ಲಿ ವಿದ್ಯಾರ್ಥಿವೇತನದ ಮಾತು ಏಳುವುದು ಹೆಚ್ಚಾಗಿ ಕಾಲೇಜಿನ ಫೀಸು ಕಟ್ಟಿ ಕೈ ಖಾಲಿಯಾದ ಮೇಲೆ. ಅಷ್ಟು ಹೊತ್ತಿಗೆ ಜುಲೈ ಮಳೆ ಹಿಡಿದಿರುತ್ತದೆ. ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ನೆಟ್‌ವರ್ಕಿಗೆ ಗುಡ್ಡ ಹತ್ತಬೇಕು, ನಾಡಕಚೇರಿಯ ಮುಂದೆ ಸಾಲು. ಹಣ ಕೈತಪ್ಪಿದ ಮಕ್ಕಳ ಅರ್ಜಿಗಳನ್ನು ಬಿಡಿಸಿ ನೋಡಿದರೆ, ಅಂಕ ಸಾಲದೆ ಬಿದ್ದವು ಕಡಿಮೆ. ಹೆಸರು, ಪ್ರಮಾಣಪತ್ರ, ಬ್ಯಾಂಕ್ ಖಾತೆ ಈ ಮೂರರಲ್ಲಿ ಸಿಕ್ಕಿಬಿದ್ದವೇ ಹೆಚ್ಚು. ಇವನ್ನು ಸರಿಮಾಡಿಕೊಳ್ಳಲು ಅಡಿಕೆ ಕೆಲಸ ಮುಗಿದು ಮಳೆ ಇಳಿಯುವ ಮುಂಚಿನ ಏಪ್ರಿಲ್, ಮೇ ತಿಂಗಳೇ ಸರಿಯಾದ ಕಾಲ. ಅನುದಾನ ಕೇಳುವ ಊರ ಸಂಘಗಳಿಗೂ ಇದೇ ಅನ್ವಯ. ಅವುಗಳ ವಿಷಯ ಮುಂದೆ ಬರುತ್ತದೆ.

ಮೊದಲು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಸುರೇಶ ಕೆ’, ಆಧಾರ್‌ನಲ್ಲಿ ‘ಸುರೇಶ್ ಕುಮಾರ್’, ಜಾತಿ ಪ್ರಮಾಣಪತ್ರದಲ್ಲಿ ಬರೀ ‘ಸುರೇಶ’ ಎಂದಿದ್ದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ, ಈ ಮೂವರನ್ನೂ ಒಬ್ಬನೇ ಎಂದು ಒಪ್ಪದಿರಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲ ದಾಖಲೆ ಎಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಅಂಕಪಟ್ಟಿ ತಿದ್ದಿಸಲು ಶಾಲೆಯ ಮೂಲಕ ಪರೀಕ್ಷಾ ಮಂಡಳಿಯವರೆಗೆ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಆಧಾರ್ ತಿದ್ದುಪಡಿ ಬೇಗ ಆಗುತ್ತದೆ, ಆದರೆ ಅದಕ್ಕೂ ಮಿತಿಯಿದೆ: ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಬಹುದು. ಆದ್ದರಿಂದ ಆಧಾರ್ ಕೇಂದ್ರಕ್ಕೆ ಅಂಕಪಟ್ಟಿ ಹಿಡಿದುಕೊಂಡೇ ಹೋಗಿ, ಅಕ್ಷರ ಅಕ್ಷರ ಓದಿಸಿ, ಆಮೇಲೆ ಒಪ್ಪಿಗೆ ಕೊಡಿ. ಹದಿನೈದು ತುಂಬಿದ ಮಕ್ಕಳ ಬೆರಳಚ್ಚು ನವೀಕರಣ ಕಡ್ಡಾಯ. ಅದು ಬಾಕಿಯಿದ್ದರೆ ಬೆರಳಚ್ಚು, ಮುಖ ಗುರುತಿಸುವ ಹಂತದಲ್ಲಿ ಅರ್ಜಿ ನಿಲ್ಲಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಮನೆಯಲ್ಲಿ ಈಗ ಬಳಕೆಯಲ್ಲಿದೆಯೇ ಎಂಬುದನ್ನೂ ಅದೇ ದಿನ ನೋಡಿಬಿಡಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿ ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಎಸ್‌ಎಸ್‌ಪಿಯಲ್ಲಿ ಅದನ್ನು ಹಾಕಿದೊಡನೆ ವಿವರ ತಾನಾಗಿ ಬರುತ್ತದೆ. ಹಳೆಯ ಕೈಬರಹದ ಪ್ರಮಾಣಪತ್ರ ಅಲ್ಲಿ ಉಪಯೋಗಕ್ಕೆ ಬಾರದು. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ರವರು ಜಾತಿಯದನ್ನು ಒಮ್ಮೆ ಪಡೆದರೆ ಸಾಕು. ಆದಾಯದ್ದಕ್ಕೆ, ಉಳಿದ ಹಿಂದುಳಿದ ವರ್ಗಗಳ ಜಾತಿ–ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಎಷ್ಟೋ ಅರ್ಜಿಗಳು ಬೀಳುವುದು ಅದು ಮುಗಿದದ್ದನ್ನು ಗಮನಿಸದೆ. ನಮ್ಮ ಕಡೆ ಇನ್ನೊಂದು ತೊಡಕಿದೆ. ಅಪ್ಪನ ದಾಖಲೆಯಲ್ಲಿ ‘ದೀವರು’, ಅಣ್ಣನದರಲ್ಲಿ ‘ಈಡಿಗ’, ತಂಗಿಯದರಲ್ಲಿ ‘ನಾಮಧಾರಿ’ ಎಂದು ಬರೆದಿರುತ್ತಾರೆ. ಮೂರೂ ಹಿಂದುಳಿದ ವರ್ಗಗಳ ಪ್ರವರ್ಗ 2ಎ ಆಗಿರುವುದರಿಂದ ವಿದ್ಯಾರ್ಥಿವೇತನಕ್ಕೆ ತಕ್ಷಣ ತೊಂದರೆ ಕಾಣಿಸದು, ಮುಂದೆ ಸೀಟಿನ ದಾಖಲೆ ಪರಿಶೀಲನೆಯಲ್ಲೋ ನೌಕರಿಗೆ ಬೇಕಾದ ಜಾತಿ ಸಿಂಧುತ್ವದ ಪರಿಶೀಲನೆಯಲ್ಲೋ ಪ್ರಶ್ನೆ ಏಳುತ್ತದೆ. ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದು ವಿಚಾರಿಸುವಾಗಲೇ ಇಡೀ ಮನೆಯವರದನ್ನು ಒಂದೇ ರೀತಿ ಬರೆಸಿ.

ರೈತರ ಮಕ್ಕಳಿಗೆ ಇದರ ಜೊತೆ ಜಮೀನಿನ ದಾಖಲೆಯೂ ಬೇಕು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ, ಐಟಿಐ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000 ರೂಪಾಯಿ ನಿಗದಿಯಾಗಿತ್ತು. ಬಿಎ, ಬಿಎಸ್ಸಿ, ಬಿಕಾಂಗೆ 5,000 ಮತ್ತು 5,500. ಎಂಜಿನಿಯರಿಂಗ್, ವೈದ್ಯಕೀಯ, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಇದಕ್ಕೆ ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ, ಬೇಕು. ಎಫ್‌ಐಡಿ ಪಹಣಿಗೆ ಅಂಟಿಕೊಂಡದ್ದು. ತೋಟ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದ್ದರೆ, ಅದರಲ್ಲಿ ದುಡಿಯುವ ಅಪ್ಪ ಸರ್ಕಾರದ ಲೆಕ್ಕದಲ್ಲಿ ರೈತನೇ ಅಲ್ಲ. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು, ಅದನ್ನು ಮಾಡಿಸುವುದನ್ನು ‘ಪಾಲು ಆಗಲಿ, ಆಮೇಲೆ ನೋಡೋಣ’ ಎಂದು ಮುಂದೂಡುವ ಮನೆಗಳಲ್ಲಿ ಮಕ್ಕಳ ಸೌಲಭ್ಯ ವರ್ಷ ವರ್ಷ ತಪ್ಪುತ್ತದೆ. ಪಾಲಿಗೆ ಮೊದಲೇ ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಪೌತಿ ಖಾತೆ ಮಾಡಿಸಬಹುದು, ಅದರಿಂದ ಯಾರ ಹಕ್ಕೂ ಹೋಗುವುದಿಲ್ಲ. ಬಗರ್‌ಹುಕುಂ ಸಾಗುವಳಿದಾರರಿಗೆ, ಶರಾವತಿ ಯೋಜನೆಯಲ್ಲಿ ಮುಳುಗಡೆಯಾಗಿ ಬಂದು ಇಂದಿಗೂ ಹಕ್ಕುಪತ್ರ ಕಾಣದ ಕುಟುಂಬಗಳಿಗೆ ಪಹಣಿಯೇ ಇಲ್ಲ. ಈ ಅನ್ಯಾಯ ಅರ್ಜಿಯಿಂದ ಸರಿಹೋಗುವಂಥದ್ದಲ್ಲ. ಆ ಮನೆಯ ಮಕ್ಕಳು ಪಹಣಿ ಕೇಳದ, ಜಾತಿ–ಆದಾಯ ಅಥವಾ ಅಂಕದ ಆಧಾರದ ಯೋಜನೆಗಳತ್ತ ಮೊದಲು ನೋಡಬೇಕು.

ಇನ್ನು ಬ್ಯಾಂಕ್ ಖಾತೆ. ಹೆಚ್ಚು ಹಣ ತಡೆಯುವುದು ಇಲ್ಲೇ. ‘ಬ್ಯಾಂಕಿಗೆ ಆಧಾರ್ ಕೊಟ್ಟಿದ್ದೇವೆ’ ಎಂಬುದು ಬೇರೆ, ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ಖಾತೆ ಆಧಾರ್‌ಗೆ ಜೋಡಣೆಯಾಗಿರುವುದು ಬೇರೆ. ಬ್ಯಾಂಕಿನವರು ಕೆವೈಸಿಗಾಗಿ ಆಧಾರ್ ಪ್ರತಿ ಇಟ್ಟುಕೊಂಡ ಮಾತ್ರಕ್ಕೆ ಸರ್ಕಾರದ ನೇರ ನಗದು ಬಾರದು. ಜೋಡಣೆಗೆ ಪ್ರತ್ಯೇಕ ಒಪ್ಪಿಗೆ ಅರ್ಜಿ ಕೊಡಬೇಕು. ಒಂದು ಆಧಾರ್‌ಗೆ ಒಂದೇ ಖಾತೆ, ಕೊನೆಗೆ ಯಾವುದು ಜೋಡಣೆಯಾಯಿತೋ ಅದಕ್ಕೇ ಹಣ. ಶಾಲೆಯಲ್ಲಿದ್ದಾಗ ಕೆನರಾ ಬ್ಯಾಂಕಿನಲ್ಲಿ ತೆರೆದ ಖಾತೆಯ ಸಂಖ್ಯೆಯನ್ನು ಕಾಲೇಜಿಗೆ ಕೊಟ್ಟು, ಆಮೇಲೆ ಅಂಚೆ ಪೇಮೆಂಟ್ಸ್ ಬ್ಯಾಂಕಿನಲ್ಲಿ ಹೊಸ ಖಾತೆ ಮಾಡಿಸಿದ ಹುಡುಗಿಯ ಹಣ ಅಂಚೆ ಖಾತೆಯಲ್ಲಿ ಬಿದ್ದಿರುತ್ತದೆ, ಮನೆಯವರು ಕೆನರಾ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತ ಅಲೆಯುತ್ತಾರೆ. ಮೈ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆ ಸ್ಥಿತಿ ತೆರೆದರೆ ಯಾವ ಬ್ಯಾಂಕು, ಚಾಲ್ತಿಯಲ್ಲಿದೆಯೇ ಇಲ್ಲವೇ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಊರಿನ ಕೃಷಿ ಪತ್ತಿನ ಸಹಕಾರ ಸಂಘದ ಪಾಸ್‌ಬುಕ್ಕಿಗೆ ಈ ಹಣ ಬರುವುದಿಲ್ಲ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗಿರಬಹುದು, ನೂರು ರೂಪಾಯಿ ಹಾಕಿ ತೆಗೆದು ನೋಡಿ. ಪೂರ್ತಿ ಕೆವೈಸಿ ಇಲ್ಲದೆ ತೆರೆದ ‘ಸಣ್ಣ ಖಾತೆ’ಯಲ್ಲಿ 50,000ಕ್ಕಿಂತ ಹೆಚ್ಚು ಹಣ ಇರುವಂತಿಲ್ಲ, ದೊಡ್ಡ ಮೊತ್ತದ ವಿದ್ಯಾರ್ಥಿವೇತನ ಅಲ್ಲಿ ವಾಪಸು ಹೋಗುತ್ತದೆ. ಖಾಸಗಿ ಟ್ರಸ್ಟುಗಳು ಆಧಾರ್ ಮೂಲಕ ಕಳಿಸುವುದಿಲ್ಲ, ಖಾತೆ ಸಂಖ್ಯೆ ಮತ್ತು ಬ್ಯಾಂಕ್ ಶಾಖೆಯ ಸಂಕೇತವಾದ ಐಎಫ್‌ಎಸ್‌ಸಿ ನೋಡಿ ಕಳಿಸುತ್ತವೆ. ಸಿಂಡಿಕೇಟ್, ಕಾರ್ಪೊರೇಷನ್, ವಿಜಯ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ಸೇರಿಹೋಗಿ ವರ್ಷಗಳಾದವು, ಗ್ರಾಮೀಣ ಬ್ಯಾಂಕುಗಳೂ ಒಂದಾಗಿವೆ. ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿಯನ್ನೇ ನಕಲು ಮಾಡಿ ಬರೆದರೆ ಕೆಲಸ ಕೆಡುತ್ತದೆ.

ಇಷ್ಟು ಸರಿಯಿದ್ದರೆ ಯೋಜನೆ ಹುಡುಕುವುದು ಕಷ್ಟವಲ್ಲ. ಎಂಟನೇ ತರಗತಿಯಲ್ಲೇ ಶುರುಮಾಡಿ. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ ಪಾಸಾಗಿ ಆಯ್ಕೆಯಾದ ಸರ್ಕಾರಿ, ಅನುದಾನಿತ ಶಾಲೆಯ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000, ನಾಲ್ಕು ವರ್ಷಕ್ಕೆ 48,000 ರೂಪಾಯಿ. ಮನೆಯ ಆದಾಯ 3.5 ಲಕ್ಷ ಮೀರಿರಬಾರದು. ಹತ್ತನೇ ತರಗತಿಯಲ್ಲಿ ಶೇ. 60 ಬಾರದಿದ್ದರೆ (ಪರಿಶಿಷ್ಟರಿಗೆ ಶೇ. 55) ಪಿಯುಸಿಗೆ ಮುಂದುವರಿಯದು. ಇದನ್ನು ಶಾಲೆಯಲ್ಲಿ ಯಾರೂ ಒತ್ತಿ ಹೇಳದೆ ಮಕ್ಕಳು ಅರ್ಧದಲ್ಲಿ ಕಳೆದುಕೊಳ್ಳುತ್ತಾರೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ರಾಜ್ಯದ ವಿದ್ಯಾಸಿರಿ ಯೋಜನೆಯಲ್ಲಿ ಊಟ–ವಸತಿಗೆ ಹತ್ತು ತಿಂಗಳು ಹಣ ಸಿಗುತ್ತದೆ. ಸರ್ಕಾರಿ ಹಾಸ್ಟೆಲ್‌ನಲ್ಲಿದ್ದವರಿಗೆ ಇದಿಲ್ಲ. ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಸೇರಿದ ಹುಡುಗಿಯರಿಗೆ ತಾಂತ್ರಿಕ ಶಿಕ್ಷಣ ಪರಿಷತ್ತು ಎಐಸಿಟಿಇಯ ಪ್ರಗತಿ ಯೋಜನೆಯಲ್ಲಿ ವರ್ಷಕ್ಕೆ 50,000, ಆದಾಯ ಮಿತಿ 8 ಲಕ್ಷ. ಹಾಗಾಗಿ ಮಧ್ಯಮ ವರ್ಗದ ಮನೆಯವರೂ ಅರ್ಹರು. ಪಿಯುಸಿಯಲ್ಲಿ ಮೇಲಿನ ಸ್ಥಾನದಲ್ಲಿದ್ದು ಬಿಎಸ್ಸಿಯಲ್ಲಿ ಮೂಲವಿಜ್ಞಾನ ಓದುವವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000. ಕಾಲೇಜು ವಿದ್ಯಾರ್ಥಿಗಳಿಗಾಗಿ ಇರುವ ಕೇಂದ್ರ ವಲಯದ ವಿದ್ಯಾರ್ಥಿವೇತನದಲ್ಲಿ ಪದವಿಯ ಮೊದಲ ಮೂರು ವರ್ಷ 12,000, ಆಮೇಲೆ 20,000. ಆದಾಯ ಮಿತಿ 4.5 ಲಕ್ಷ, ನವೀಕರಣಕ್ಕೆ ಶೇ. 50 ಅಂಕ ಮತ್ತು ಶೇ. 75 ಹಾಜರಿ. ಮೊತ್ತ, ಮಿತಿಗಳು ಬದಲಾಗಬಹುದು, ಆಯಾ ವರ್ಷದ ಸುತ್ತೋಲೆಯನ್ನೇ ಓದಿ.

ಕೇಂದ್ರದ ಯೋಜನೆಗಳಿಗಿರುವ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಕೆಲಸ ಮುಗಿಯಲಿಲ್ಲ. ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದೆ ಕಳಿಸದಿದ್ದರೆ ಅದು ಅಲ್ಲೇ ಕುಳಿತಿರುತ್ತದೆ. ದೋಷವಿದೆಯೆಂದು ವಾಪಸು ಬಂದದ್ದನ್ನು ಗಡುವಿನೊಳಗೆ ತಿದ್ದಿ ಮತ್ತೆ ಕಳಿಸಬೇಕು. ವಾರಕ್ಕೊಮ್ಮೆ ಸ್ಥಿತಿ ನೋಡಿ, ಬಾಕಿ ತೋರಿಸುತ್ತಿದ್ದರೆ ಅರ್ಜಿಯ ಮುದ್ರಿತ ಪ್ರತಿ ಹಿಡಿದು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗಕ್ಕೆ ಹೋಗಿ.

ಸರ್ಕಾರಿ ಶಾಲೆಯಲ್ಲಿ ಹತ್ತು ಮತ್ತು ಹನ್ನೆರಡು ಓದಿ ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷ ಸೇರಿದ ಹುಡುಗಿಯರು ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನವನ್ನು ಬಿಡಬಾರದು, ವರ್ಷಕ್ಕೆ 30,000 ರೂಪಾಯಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದ ಬಡ ಮಕ್ಕಳಿಗೆ ವಿದ್ಯಾಧನ್ ಎಂಬ ಖಾಸಗಿ ವಿದ್ಯಾರ್ಥಿವೇತನ ಇದೆ. ಸಮುದಾಯದ ವಿದ್ಯಾರ್ಥಿನಿಲಯ ಸಂಘಗಳು, ಸಹಕಾರ ಬ್ಯಾಂಕುಗಳು ಸದಸ್ಯರ ಮಕ್ಕಳಿಗೆ ಕೊಡುವ ಪ್ರತಿಭಾ ಪುರಸ್ಕಾರ ಮೊತ್ತದಲ್ಲಿ ಚಿಕ್ಕದಾದರೂ ಸ್ಪರ್ಧೆ ಕಡಿಮೆ. ಜಾಹೀರಾತು ಬರುವುದು ಸ್ಥಳೀಯ ಪತ್ರಿಕೆಯ ಮೂಲೆಯಲ್ಲಿ. ಖಾಸಗಿ ಅರ್ಜಿಗಳಲ್ಲಿ ‘ನಿಮ್ಮ ಬಗ್ಗೆ ಬರೆಯಿರಿ’ ಎಂದಿರುವಲ್ಲಿ ‘ಬಡ ರೈತ ಕುಟುಂಬದಲ್ಲಿ ಹುಟ್ಟಿ’ ಎಂಬ ಸಾಲಿನಿಂದ ಯಾರೂ ಗುರುತಾಗುವುದಿಲ್ಲ. ಎಷ್ಟು ಎಕರೆ, ಕೊಳೆರೋಗಕ್ಕೋ ಎಲೆಚುಕ್ಕೆಗೋ ಎಷ್ಟು ಕ್ವಿಂಟಲ್ ಅಡಿಕೆ ಹೋಯಿತು, ಬಸ್ಸಿಗೆ ಎಷ್ಟು ದೂರ ನಡೆಯಬೇಕು, ವರ್ಷದ ಖರ್ಚಿನಲ್ಲಿ ಮನೆ ಕೊಡಬಲ್ಲದ್ದೆಷ್ಟು, ಕೊರತೆ ಎಷ್ಟು ಎಂದು ಲೆಕ್ಕ ಬರೆಯಿರಿ. ಅರ್ಜಿಗೆ ಶುಲ್ಕ ಕೇಳಿದರೆ, ಯಾರಾದರೂ ಫೋನು ಮಾಡಿ ಒಟಿಪಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಈಗ ಸಂಘಗಳ ವಿಷಯ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. ಆ ಉತ್ಸಾಹದಲ್ಲಿ ನೋಂದಣಿ ಮಾಡಿಸಿ, ಗಣೇಶೋತ್ಸವ, ರಾಜ್ಯೋತ್ಸವ ಮಾಡಿಕೊಂಡು, ಪ್ರತಿವರ್ಷ ಸಲ್ಲಿಸಬೇಕಾದ ಲೆಕ್ಕಪತ್ರ ಮತ್ತು ಪದಾಧಿಕಾರಿಗಳ ಪಟ್ಟಿಯನ್ನು ಮರೆತ ಸಂಘಗಳು ಹೋಬಳಿಗೆ ಹತ್ತು ಸಿಗುತ್ತವೆ. ಅನುದಾನದ ಪ್ರಕಟಣೆ ಬಂದಾಗ ಕೇಳುವುದು ಮೂರು ವರ್ಷದ ಲೆಕ್ಕಪರಿಶೋಧನಾ ವರದಿಯನ್ನೇ. ಆಗ ದಂಡ ಕಟ್ಟಿ, ಲೆಕ್ಕಿಗರನ್ನು ಹಿಡಿದು, ಹಳೆಯ ರಸೀದಿ ಹುಡುಕುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ವರ್ಷಕ್ಕೆ ಇಪ್ಪತ್ತು ಸಾವಿರದ ವ್ಯವಹಾರವಿದ್ದರೂ ಆಡಿಟ್ ಮಾಡಿಸಿ, ಸರ್ವಸದಸ್ಯರ ಸಭೆಯ ನಡಾವಳಿ ಬರೆದು, ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಿ ಹಿಂಬರಹ ಪಡೆದಿಡಿ. ನೋಂದಣಿ ಪತ್ರ, ಪ್ಯಾನ್, ಬ್ಯಾಂಕ್ ಖಾತೆ ಮೂರರಲ್ಲೂ ಸಂಘದ ಹೆಸರು ಒಂದೇ ಇರಲಿ, ‘ಯುವಕ ಸಂಘ’ ಒಂದು ಕಡೆ, ‘ಯುವಕರ ಸಂಘ (ರಿ)’ ಇನ್ನೊಂದು ಕಡೆ ಬೇಡ.

ಇದರ ಮೇಲೆ ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಜಾಲತಾಣವಾದ ಎನ್‌ಜಿಒ ದರ್ಪಣ್‌ನ ಸಂಖ್ಯೆ, ಆದಾಯ ತೆರಿಗೆಯ 12ಎ (ಸಂಘಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ವಿನಾಯಿತಿ) ನೋಂದಣಿ ಬೇಕು. ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆ ಕೊಡುವ ಸಿಎಸ್‌ಆರ್ ಹಣ ಬೇಕಾದರೆ 12ಎ, 80ಜಿಯ ಜೊತೆ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್–1 ನೋಂದಣಿಯೂ, ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಬೇಕು. ಹೊಸ ಸಂಘಕ್ಕೆ ಸಿಎಸ್‌ಆರ್ ನೇರವಾಗಿ ಸಿಗುವುದಿಲ್ಲ, ಅದರ ಹಿಂದೆ ಓಡುವುದರಲ್ಲಿ ಅರ್ಥವಿಲ್ಲ. ಮೊದಲ ಮೂರು ವರ್ಷ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ, ಊರಿನ ದಾನಿಗಳು, ಪರ ಊರಿನಲ್ಲಿರುವ ನಮ್ಮವರು ಇವರಿಂದ ಚಿಕ್ಕ ಮೊತ್ತ ಪಡೆದು ಚೊಕ್ಕವಾಗಿ ಲೆಕ್ಕ ಕೊಡಿ. 2,000ಕ್ಕಿಂತ ಹೆಚ್ಚಿನ ನಗದು ದಾನಕ್ಕೆ 80ಜಿ ವಿನಾಯಿತಿ ಸಿಗದು. ಬ್ಯಾಂಕ್ ಮೂಲಕವೇ ತೆಗೆದುಕೊಳ್ಳಿ. ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ), ರಸ್ತೆಯಂಥ ಕೆಲಸ ಬೇಕಾದರೆ ಶಿವಮೊಗ್ಗದಲ್ಲೇ ಕಚೇರಿಯಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯನ್ನೋ ಶಾಸಕರ ನಿಧಿಯನ್ನೋ ಕೇಳಬೇಕು.

ಪ್ರಸ್ತಾವನೆಯಲ್ಲಿ ಹೆಚ್ಚಿನವರು ಎಡವುವುದು ಬಜೆಟ್‌ನಲ್ಲಿ. ‘ಸಮುದಾಯ ಭವನಕ್ಕೆ 25 ಲಕ್ಷ’ ಎಂದು ಕೇಳಿದ ಪತ್ರ ಖಾಸಗಿ ದಾನಿಯ ಮೇಜಿನಿಂದ ಮೇಲೇಳುವುದು ಅಪರೂಪ. ಕಟ್ಟಡಕ್ಕಿಂತ ಮಕ್ಕಳಿಗೆ ಆಗುವ ಕೆಲಸಕ್ಕೆ ಹಣ ಕೊಡಲು ಅವರು ಮುಂದಾಗುತ್ತಾರೆ. ಹೊಸನಗರದ ಕಡೆಯ ಒಂದು ಹಳ್ಳಿಯಲ್ಲಿ 30 ಮಕ್ಕಳಿಗೆ ಹತ್ತು ತಿಂಗಳು ಸಂಜೆಪಾಠ ನಡೆಸುವುದಾದರೆ ಲೆಕ್ಕ ಹೀಗಿರಬಹುದು: ಇಬ್ಬರು ಬೋಧಕರಿಗೆ ತಿಂಗಳಿಗೆ 6,000ರಂತೆ 1,20,000, ಪುಸ್ತಕ ಮಗುವಿಗೆ 600ರಂತೆ 18,000, ಮಳೆಗಾಲದ ಐದು ತಿಂಗಳು ಮಕ್ಕಳನ್ನು ಮನೆಗೆ ಬಿಡುವ ಆಟೊಗೆ 8,000ದಂತೆ 40,000, ಇನ್ವರ್ಟರ್ ಮತ್ತು ಬ್ಯಾಟರಿ 28,000, ಪರೀಕ್ಷೆ, ಮೌಲ್ಯಮಾಪನ 6,000, ಆಡಿಟ್ 8,000. ಒಟ್ಟು 2,20,000. ಕೋಣೆ ಶಾಲೆಯದು, ಸಂಜೆಯ ತಿಂಡಿ ಊರವರದು ಎಂದು ಸಂಘದ ಪಾಲನ್ನು ಪ್ರತ್ಯೇಕವಾಗಿ ಬರೆಯಿರಿ. ಆಟೊ ಖರ್ಚನ್ನು ಸಂಕೋಚಪಟ್ಟು ಬಿಡುವವರಿದ್ದಾರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕತ್ತಲಲ್ಲಿ ಹಳ್ಳ ದಾಟುವ ಹಾದಿಯಿದ್ದರೆ ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ, ಬೆಂಗಳೂರಿನಲ್ಲಿ ಕುಳಿತು ಓದುವವರಿಗೆ ಇದನ್ನು ಎರಡು ಸಾಲಿನಲ್ಲಿ ವಿವರಿಸಿದರೆ ಒಪ್ಪುತ್ತಾರೆ.

ಹಣ ಬಂದ ಮೇಲೆ ಅದಕ್ಕೇ ಪ್ರತ್ಯೇಕ ಖಾತೆ, ಇಬ್ಬರ ಜಂಟಿ ಸಹಿ. ಇನ್ವರ್ಟರಿನಂಥ ಖರೀದಿಗೆ ಮೂರು ಅಂಗಡಿಗಳ ದರಪಟ್ಟಿ. ಬೋಧಕರಿಗೆ ಖಾತೆಗೇ ಪಾವತಿ, ಹಾಜರಿ ಪುಸ್ತಕದ ಜೊತೆ ರಸೀದಿ. ಮಳೆಗಾಲದಲ್ಲಿ ಥರ್ಮಲ್ ಕಾಗದದ ಬಿಲ್ಲು ಬೇಗ ಮಸುಕಾಗುತ್ತದೆ, ಬಂದ ದಿನವೇ ಜೆರಾಕ್ಸ್ ಮಾಡಿಸಿ ಅದರ ಜೊತೆ ಲಗತ್ತಿಸಿ. ಒಂದು ತಲೆಬರಹದ ಹಣವನ್ನು ಇನ್ನೊಂದಕ್ಕೆ ಖರ್ಚು ಮಾಡಬೇಕಾಗಿ ಬಂದರೆ ಮೊದಲೇ ದಾನಿಗೆ ಬರೆದು ಒಪ್ಪಿಗೆ ಪಡೆಯಿರಿ. ಆಮೇಲೆ ಹೇಳಿದರೆ ಅದೇ ಆಕ್ಷೇಪಣೆಯಾಗುತ್ತದೆ. ಹಣ ಬಳಕೆ ಪ್ರಮಾಣಪತ್ರವನ್ನು ಲೆಕ್ಕಪರಿಶೋಧಕರ ಸಹಿಯೊಂದಿಗೆ, ಒಪ್ಪಂದದಲ್ಲಿ ಬರೆದ ದಿನಾಂಕದೊಳಗೆ ಕಳಿಸಿ. ಉಳಿದ ಹಣವಿದ್ದರೆ ಅದನ್ನು ಹಿಂದಿರುಗಿಸಿದ ಚಲನ್ನಿನ ಪ್ರತಿಯೂ ಜೊತೆಗಿರಲಿ. ಎರಡನೇ ಕಂತು ಬಿಡುಗಡೆಯಾಗುವುದು ಆ ಕಡತ ಪೂರ್ತಿಯಾದ ಮೇಲೆಯೇ.