ಲೆಕ್ಕದೊಳಗಿನ ನೀತಿ: ಹವಾಮಾನ ಬದಲಾವಣೆಯ ನೀತಿಶಾಸ್ತ್ರ ಓದುವವರಿಗೆ ಟಿಪ್ಪಣಿ

ಕನ್ನಡದ ‘ನೀತಿ’ ಎಂಬ ಪದ ಸರ್ಕಾರದ ಧೋರಣೆಗೂ ಸಲ್ಲುತ್ತದೆ, ಸರಿ-ತಪ್ಪಿನ ವಿವೇಚನೆಗೂ ಸಲ್ಲುತ್ತದೆ. ಪರೀಕ್ಷೆಯ ಉತ್ತರದಲ್ಲಿ ಎರಡನ್ನೂ ಬೆರೆಸಿದರೆ ಗೊಂದಲವಾಗುತ್ತದೆ, ನಿಜ. ಆದರೂ ಹವಾಮಾನ ಬದಲಾವಣೆಯ ಮಟ್ಟಿಗೆ ಆ ಎರಡು ಅರ್ಥಗಳು ಒಂದೇ ಪದದಲ್ಲಿ ಇರುವುದು ನನಗೆ ಸರಿಯಾಗಿಯೇ ಕಾಣುತ್ತದೆ. ಸರ್ಕಾರಗಳ ಮೇಜಿಗೆ ಬರುವ ಅಂಕಿಗಳೊಳಗೆ ಸರಿ-ತಪ್ಪಿನ ತೀರ್ಮಾನವೊಂದು ಮೊದಲೇ ಸೇರಿಕೊಂಡಿರುತ್ತದೆ. ಅದನ್ನು ಹುಡುಕಿ ಹೊರತೆಗೆಯುವುದನ್ನು ಕಲಿತರೆ ಈ ವಿಷಯ ಅರ್ಧ ಕೈಗೆ ಬಂದಂತೆ.

ಬಹಳಷ್ಟು ಪಠ್ಯಕ್ರಮಗಳು ‘ಯಾರು ಹೊಣೆ?’ ಎಂಬ ಪ್ರಶ್ನೆಯಿಂದ ಆರಂಭವಾಗುತ್ತವೆ. ಡಿಸ್ಕೌಂಟ್ ದರದಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಅರ್ಥಶಾಸ್ತ್ರದ ಒಣ ಪಾಠವೆಂದು ಹಲವರು ಅದನ್ನು ಹಾರಿಸಿಬಿಡುತ್ತಾರೆ. ಅಲ್ಲಿಯೇ ಅತ್ಯಂತ ದೊಡ್ಡ ನೈತಿಕ ವಾದವಿದೆ.

ನೂರು ವರ್ಷಗಳ ನಂತರ ಆಗುವ 1,000 ಡಾಲರ್ ಹಾನಿಯನ್ನು ತಡೆಯಲು ಇಂದು ಎಷ್ಟು ಖರ್ಚು ಮಾಡಬಹುದು? ಭವಿಷ್ಯದ ಮೊತ್ತವನ್ನು ಇಂದಿನ ಬೆಲೆಗೆ ಇಳಿಸುವ ವಾರ್ಷಿಕ ದರವೇ ಡಿಸ್ಕೌಂಟ್ ದರ. ಬ್ರಿಟಿಷ್ ಸರ್ಕಾರಕ್ಕಾಗಿ ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ ಹವಾಮಾನ ಬದಲಾವಣೆಯ ಬಗ್ಗೆ 2006ರಲ್ಲಿ ಸಿದ್ಧಪಡಿಸಿದ ವರದಿಯ ದರ ಸುಮಾರು ಶೇ 1.4. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹಾಸ್ ಅದನ್ನು ಟೀಕಿಸಿ ಬಳಸಿದ ದರ ಸುಮಾರು ಶೇ 5.5. ಕ್ಯಾಲ್ಕುಲೇಟರ್ ತೆಗೆದು ನೀವೇ ಲೆಕ್ಕ ಹಾಕಿ ನೋಡಿ: ಮೊದಲನೆಯ ದರದಲ್ಲಿ ಉತ್ತರ ಸುಮಾರು 249 ಡಾಲರ್, ಎರಡನೆಯದರಲ್ಲಿ ಐದು ಡಾಲರಿಗೂ ಕಡಿಮೆ. ವಿಜ್ಞಾನ ಅದೇ, ಹಾನಿ ಅದೇ. ಒಂದು ಲೆಕ್ಕ ‘ಈಗಲೇ ದೊಡ್ಡ ಮಟ್ಟದಲ್ಲಿ ಕ್ರಮ ಕೈಗೊಳ್ಳಿ’ ಎನ್ನುತ್ತದೆ, ಇನ್ನೊಂದು ‘ನಿಧಾನವಾಗಿ ಹೆಚ್ಚಿಸುತ್ತಾ ಹೋಗಿ’ ಎನ್ನುತ್ತದೆ.

ಈ ಅಂತರ ಎಲ್ಲಿಂದ ಬಂತು? ದರವನ್ನು ಬಿಡಿಸಿದರೆ ಎರಡು ಭಾಗಗಳು ಸಿಗುತ್ತವೆ. ಒಂದು, ಶುದ್ಧ ಕಾಲ ಆದ್ಯತೆ. ಮುಂದೆ ಹುಟ್ಟುವವರ ಸುಖದುಃಖವನ್ನು, ಅವರು ಮುಂದೆ ಹುಟ್ಟುತ್ತಾರೆ ಎಂಬ ಒಂದೇ ಕಾರಣಕ್ಕೆ ಎಷ್ಟು ಕಡಿಮೆ ತೂಗುತ್ತೇವೆ ಎಂಬುದರ ಅಳತೆ ಇದು. ಸ್ಟರ್ನ್ ಇದಕ್ಕೆ ಇಟ್ಟದ್ದು ಕೇವಲ ಶೇ 0.1, ಅದೂ ಮನುಕುಲವೇ ಅಳಿದುಹೋಗುವ ಸಾಧ್ಯತೆಯನ್ನು ಗಮನದಲ್ಲಿಟ್ಟು. ನಾರ್ಡ್‌ಹಾಸ್ ಇಟ್ಟದ್ದು ಶೇ 1.5. ಇನ್ನೊಂದು ಭಾಗ ಬೆಳವಣಿಗೆಗೆ ಸಂಬಂಧಿಸಿದ್ದು. ಮುಂದಿನವರು ನಮಗಿಂತ ಶ್ರೀಮಂತರಾಗಿರುತ್ತಾರೆ, ಶ್ರೀಮಂತನಿಗೆ ಒಂದು ಡಾಲರ್ ಹೆಚ್ಚು ಸಿಕ್ಕರೆ ಆಗುವ ಲಾಭ ಬಡವನಿಗೆ ಆಗುವಷ್ಟು ಇರುವುದಿಲ್ಲ ಎಂಬ ತರ್ಕ.

ನಾರ್ಡ್‌ಹಾಸ್ ಅವರ ವಾದವನ್ನು ಹಗುರವಾಗಿ ತಳ್ಳಿಹಾಕಬೇಡಿ. ಜನ ನಿಜವಾಗಿ ಹೇಗೆ ಉಳಿತಾಯ ಮಾಡುತ್ತಾರೆ, ಹೂಡಿಕೆಗೆ ಎಷ್ಟು ಪ್ರತಿಫಲ ಬರುತ್ತದೆ ಎಂಬುದಕ್ಕೆ ನಮ್ಮ ದರ ಹೊಂದಬೇಕು. ತತ್ತ್ವಜ್ಞಾನಿಯೊಬ್ಬ ತನ್ನ ಮೌಲ್ಯವನ್ನು ಎಲ್ಲರ ಮೇಲೆ ಹೇರುವುದು ಸರಿಯಲ್ಲ ಎಂದು ಅವರು ಹೇಳುತ್ತಾರೆ. ಇದು ಪ್ರಜಾಪ್ರಭುತ್ವದ ಪರವಾದ ಮಾತಿನಂತೆ ಕೇಳಿಸುತ್ತದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಮಾರುಕಟ್ಟೆಯಲ್ಲಿ ಕೊಳ್ಳುವವರೂ ಮಾರುವವರೂ ಇಂದು ಬದುಕಿರುವವರು. ಇನ್ನೂ ಹುಟ್ಟದವರಿಗೆ ಅಲ್ಲಿ ಜಾಗವಿಲ್ಲ. ನನ್ನ ಹಣದ ಬಗ್ಗೆ ನನಗಿರುವ ಅವಸರ ಬೇರೆಯವರ ಜೀವಕ್ಕೆ ಬೆಲೆ ಕಟ್ಟುವ ಅಧಿಕಾರ ಆಗುವುದು ಹೇಗೆ? ಈ ಕಾಲ ಆದ್ಯತೆಗೆ ನೈತಿಕ ಸಮರ್ಥನೆಯೇ ಇಲ್ಲ, ಅದು ನಮ್ಮ ಕಲ್ಪನಾಶಕ್ತಿಯ ದೌರ್ಬಲ್ಯ ಎಂದು ಬ್ರಿಟಿಷ್ ಗಣಿತಜ್ಞ, ತತ್ತ್ವಜ್ಞಾನಿ ಫ್ರಾಂಕ್ ರ‍್ಯಾಮ್ಸಿ 1928ರಲ್ಲೇ ಬರೆದಿದ್ದರು. ಎರಡೇ ವರ್ಷಗಳಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಡಿಸ್ಕೌಂಟ್ ದರ ಕಟ್ಟಲು ಇಂದು ಎರಡೂ ಪಕ್ಷದವರು ಬಳಸುವ ಸೂತ್ರಕ್ಕೆ ಅವರದೇ ಹೆಸರು.

ಬೆಳವಣಿಗೆಯ ಭಾಗದಲ್ಲೂ ಒಂದು ಎಡರಿದೆ. ‘ಮುಂದಿನವರು’ ಸರಾಸರಿಯಲ್ಲಿ ಶ್ರೀಮಂತರಾಗಬಹುದು. ಬರ, ನೆರೆ, ಸಮುದ್ರ ಮಟ್ಟದ ಏರಿಕೆಯಿಂದ ಮೊದಲು ನಲುಗುವವರು ಆ ಸರಾಸರಿಯ ಮೇಲಿನವರಲ್ಲ. ಮುಂದಿನ ಶತಮಾನದ ಬಡವನು ಇಂದಿನ ಶ್ರೀಮಂತನಿಗಿಂತ ಬಡವನಾಗಿಯೇ ಇರುವ ಸಾಧ್ಯತೆಯನ್ನು ಒಂದೇ ಸರಾಸರಿ ಅಂಕಿ ಮರೆಮಾಡುತ್ತದೆ.

ಇದೇ ಕಣ್ಣಿನಿಂದ ಈಗ ‘ಯಾರು ಹೊಣೆ?’ ಎಂಬ ಪ್ರಶ್ನೆಗೆ ಬನ್ನಿ. ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ 1990ರ ವರದಿಯಲ್ಲಿ ದೇಶಗಳ ಹಸಿರುಮನೆ ಅನಿಲಗಳನ್ನು ಲೆಕ್ಕ ಹಾಕಿ, ಭಾರತ, ಚೀನಾ, ಬ್ರೆಜಿಲ್‌ಗಳನ್ನು ಪಟ್ಟಿಯ ಮೇಲ್ಭಾಗದಲ್ಲಿಟ್ಟಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಅದಕ್ಕೆ ಉತ್ತರ ಬರೆದರು. ಭತ್ತದ ಗದ್ದೆಯಿಂದ, ಬಡ ರೈತನ ಜಾನುವಾರುಗಳಿಂದ ಬರುವ ಮೀಥೇನನ್ನು ಶ್ರೀಮಂತ ದೇಶಗಳ ಕಾರುಗಳ ಹೊಗೆಯ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಎಂಬುದು ಅವರ ವಾದ. ಸಾಗರ ಮತ್ತು ಕಾಡುಗಳು ಅನಿಲವನ್ನು ಹೀರಿಕೊಳ್ಳುವ ಶಕ್ತಿ ಎಲ್ಲ ಮನುಷ್ಯರ ಸಮಾನ ಸ್ವತ್ತು, ಅದನ್ನು ತಲಾವಾರು ಹಂಚಿ ಲೆಕ್ಕ ಹಾಕಬೇಕು ಎಂದೂ ಅವರು ಪಟ್ಟು ಹಿಡಿದರು. ಹೀಗೆ ಹಂಚಿದ ಕೂಡಲೇ ಪಟ್ಟಿಯ ಮುಖವೇ ಬದಲಾಗುತ್ತದೆ.

ಅಮೆರಿಕದ ತತ್ತ್ವಜ್ಞಾನಿ ಹೆನ್ರಿ ಶೂ 1993ರಲ್ಲಿ ಈ ಭೇದವನ್ನು ಜೀವನಾಧಾರದ ಹೊರಸೂಸುವಿಕೆ, ಐಷಾರಾಮದ ಹೊರಸೂಸುವಿಕೆ ಎಂಬ ಜೋಡಿಯಾಗಿ ತತ್ತ್ವಶಾಸ್ತ್ರಕ್ಕೆ ತಂದರು. ಉತ್ತರ ಬರೆಯುವಾಗ ಹಲವರು ಶೂ ಹೆಸರನ್ನು ಮಾತ್ರ ಹೇಳಿ ಮುಗಿಸುತ್ತಾರೆ. ಅಗರ್ವಾಲ್–ನಾರಾಯಣ್ ಅವರನ್ನು ಬಿಡಬೇಡಿ. ನಡುವಿನ ವರ್ಷ, 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಲ್ಲಿ ‘ಎಲ್ಲರಿಗೂ ಸೇರಿದ, ಆದರೆ ವಿಭಿನ್ನ ಹೊಣೆಗಾರಿಕೆ’ ಎಂಬ ತತ್ತ್ವ ಬಂದದ್ದನ್ನೂ ಜೊತೆಗಿಟ್ಟು ಓದಿ.

ಬ್ರಿಟಿಷ್ ತತ್ತ್ವಜ್ಞಾನಿ ಡೆರಿಕ್ ಪಾರ್ಫಿಟ್ 1984ರಲ್ಲಿ ಎತ್ತಿದ ಒಗಟು ಬಹುತೇಕ ಪ್ರಶ್ನೆಪತ್ರಿಕೆಗಳಲ್ಲಿ ಇರುತ್ತದೆ, ಅದಕ್ಕೆ ಚಿಕ್ಕದಾಗಿ ಹೇಳುತ್ತೇನೆ. ನಾವು ಇಂದು ಆರಿಸುವ ನೀತಿಯಿಂದ ಯಾರು ಯಾರನ್ನು ಭೇಟಿಯಾಗುತ್ತಾರೆ, ಯಾವ ಮಕ್ಕಳು ಹುಟ್ಟುತ್ತಾರೆ ಎಂಬುದೇ ಬದಲಾಗುತ್ತದೆ. ಹಾಗಿದ್ದರೆ ಕೆಟ್ಟ ನೀತಿಯ ಫಲವಾಗಿ ಹುಟ್ಟಿದವನು ‘ನನಗೆ ಅನ್ಯಾಯವಾಯಿತು’ ಎನ್ನುವುದು ಹೇಗೆ? ಬೇರೆ ನೀತಿ ಬಂದಿದ್ದರೆ ಅವನು ಇರುತ್ತಲೇ ಇರಲಿಲ್ಲ. ನನಗೆ ಹೆಚ್ಚು ಸಮಾಧಾನ ಕೊಡುವ ಉತ್ತರ ಹಕ್ಕಿನ ಕಡೆಯಿಂದ ಬರುತ್ತದೆ. ಯಾರೇ ಹುಟ್ಟಲಿ, ಕುಡಿಯಲು ನೀರು, ಬದುಕಲು ನೆಲೆ ಅವರ ಹಕ್ಕು; ಆ ಹಕ್ಕು ಮುರಿಯುವ ಸ್ಥಿತಿಯನ್ನು ನಿರ್ಮಿಸಿದವರು ತಪ್ಪಿತಸ್ಥರೇ.

ಅಭ್ಯಾಸಕ್ಕೆ ಒಂದು ಪ್ರಶ್ನೆ. ಇಂದಿನ ಅಧಿಕೃತ ಲೆಕ್ಕದಲ್ಲಿ ಅನಿಲ ಯಾವ ದೇಶದ ಗಡಿಯೊಳಗೆ ಹೊರಬಿತ್ತೋ ಆ ದೇಶದ ಖಾತೆಗೆ ಸೇರುತ್ತದೆ. ಒಂದು ದೇಶದಲ್ಲಿ ತಯಾರಾದ ಉಕ್ಕನ್ನು ಇನ್ನೊಂದು ದೇಶ ಕೊಂಡು ಬಳಸಿದರೂ ಹೊಗೆ ಸೇರುವುದು ಉಕ್ಕು ತಯಾರಿಸಿದವರ ಖಾತೆಗೇ. ಬಳಸಿದವರ ಖಾತೆಗೆ ಹಾಕಿದರೆ, ಹೆಚ್ಚು ಆಮದು ಮಾಡಿಕೊಳ್ಳುವ ದೇಶಗಳ ಪಾಲು ಏರುತ್ತದೆ. ತಯಾರಿಸಿದವರಿಗೂ ಲಾಭ ಸಿಕ್ಕಿದೆ, ಬಳಸಿದವರಿಗೂ ಸಿಕ್ಕಿದೆ. ಯಾವ ಖಾತೆ ನ್ಯಾಯವಾದದ್ದು, ಏಕೆ ಎಂದು ಎರಡು ಪುಟ ಬರೆಯಿರಿ. ಬರೆಯುವಾಗ ಆ ಉಕ್ಕು ಆಸ್ಪತ್ರೆಯ ಕಟ್ಟಡಕ್ಕೆ ಹೋಯಿತೋ ವಿಹಾರದ ಹಡಗಿಗೆ ಹೋಯಿತೋ ಎಂಬುದು ನಿಮ್ಮ ಉತ್ತರವನ್ನು ಬದಲಿಸುತ್ತದೆಯೇ ಎಂದು ನೋಡಿ.