ಹಳೆಯ ರೌಟರ್‌ಗೆ ಹೊಸ ಐಒಎಸ್ ಹಾಕಬೇಕೇ: ಮೆಮೊರಿ ಲೆಕ್ಕದ ಟಿಪ್ಪಣಿ

ಹಳೆಯ ರೌಟರ್‌ನ ಐಒಎಸ್ ಅನ್ನು (ಸಿಸ್ಕೋ ರೌಟರ್‌ಗಳ ಕಾರ್ಯಾಚರಣಾ ವ್ಯವಸ್ಥೆಯನ್ನು) ಅಪ್‌ಗ್ರೇಡ್ ಮಾಡಬೇಕೇ ಬೇಡವೇ ಎಂದು ನಿರ್ಧರಿಸುವ ಕ್ರಮವನ್ನು ಸಿಸ್ಕೋ 2811 ಮಾದರಿಯ ರೌಟರ್ ಒಂದನ್ನು ಮುಂದಿಟ್ಟುಕೊಂಡು ಕಲಿತೆ. ಕಮಾಂಡ್‌ಗಳು ಕಷ್ಟವೆನಿಸಲಿಲ್ಲ; ಆದರೆ ‘ಶೋ ವರ್ಷನ್’ ತೋರಿಸುವ ಒಂದು ಸಾಲು ನನ್ನನ್ನು ಎರಡು ದಿನ ಹಿಡಿದು ನಿಲ್ಲಿಸಿತು. ಅದೇ ಸಾಲಿನಲ್ಲಿ ಸಿಕ್ಕಿಕೊಂಡವರಿಗೆ ನೆರವಾಗಲೆಂದು, ನನಗೂ ಮರೆಯದಿರಲೆಂದು, ಇದನ್ನು ಬರೆದಿಡುತ್ತಿದ್ದೇನೆ.

ಅಪ್‌ಗ್ರೇಡ್‌ಗೆ ಕಾರಣವಿದೆಯೇ?

ಹೊಸ ಆವೃತ್ತಿ ಇದೆ ಎಂಬುದಷ್ಟೇ ಕಾರಣವಾಗಲಾರದು. ಈಗಿನ ಆವೃತ್ತಿಯಲ್ಲಿ ನಮ್ಮನ್ನು ತಟ್ಟುವ ಭದ್ರತಾ ದೋಷವಿರಬೇಕು, ಇಲ್ಲವೇ ಅದರಲ್ಲಿಲ್ಲದ ಸೌಲಭ್ಯವೊಂದು ನಮಗೆ ಬೇಕಾಗಿರಬೇಕು. ‘ನಮ್ಮನ್ನು ತಟ್ಟುವ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. 2017ರ ಜೂನ್‌ನಲ್ಲಿ ಐಒಎಸ್‌ನ ಎಸ್‌ಎನ್‌ಎಂಪಿ (ಜಾಲದ ಸಾಧನಗಳನ್ನು ದೂರದಿಂದ ಗಮನಿಸಿ ನಿರ್ವಹಿಸುವ ನಿಯಮಾವಳಿ) ಭಾಗದಲ್ಲಿ, ದೂರದಿಂದಲೇ ರೌಟರನ್ನು ವಶಪಡಿಸಿಕೊಳ್ಳಬಹುದಾದ ದೋಷಗಳು ಪ್ರಕಟವಾದವು. ಎಸ್‌ಎನ್‌ಎಂಪಿಯನ್ನೇ ಬಳಸದ ರೌಟರ್‌ಗೆ ಅವು ತಟ್ಟುವುದಿಲ್ಲ. ಬಳಸುವ ರೌಟರ್‌ನಲ್ಲಿ, ಎಸ್‌ಎನ್‌ಎಂಪಿಯ 2ಸಿ ಅಥವಾ ಅದಕ್ಕೂ ಹಿಂದಿನ ಆವೃತ್ತಿಯ ಮೂಲಕ ದಾಳಿ ಮಾಡಬೇಕಾದರೆ ದಾಳಿಕೋರನಿಗೆ ಕಮ್ಯುನಿಟಿ ಸ್ಟ್ರಿಂಗ್ (ಪಾಸ್‌ವರ್ಡ್‌ನಂಥ ಪದ) ತಿಳಿದಿರಬೇಕು. ಹಾಗಾಗಿ ನಿರ್ವಹಣೆಯ ಯಂತ್ರದಿಂದ ಮಾತ್ರ ಎಸ್‌ಎನ್‌ಎಂಪಿ ಬರುವಂತೆ ಆಕ್ಸೆಸ್ ಲಿಸ್ಟ್ ಹಾಕಿ, ಊಹಿಸಲು ಸುಲಭವಾದ ಸ್ಟ್ರಿಂಗನ್ನು ಬದಲಿಸಿದರೆ, ಐಒಎಸ್ ಮುಟ್ಟದೆಯೇ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸಬಹುದು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ: ಇಮೇಜ್‌ನ (ಐಒಎಸ್ ಇರುವ ಫೈಲ್‌ನ) ಹೆಸರಿನಲ್ಲಿ ‘ಕೆ9’ ಇಲ್ಲದಿದ್ದರೆ ಅದರಲ್ಲಿ ಬಲವಾದ ಗೂಢಲಿಪೀಕರಣವಿಲ್ಲ ಎಂದರ್ಥ. ಹಾಗಾಗಿ, ಪಾಸ್‌ವರ್ಡನ್ನು ಗೂಢಲಿಪಿಯಿಲ್ಲದೆ ಕಳಿಸುವ ಟೆಲ್‌ನೆಟ್ ಎಂಬ ದೂರ ಲಾಗಿನ್ ವಿಧಾನವನ್ನು ಅವಲಂಬಿಸಿದ ರೌಟರ್‌ಗೆ ಇಮೇಜ್ ಬದಲಿಸುವುದೇ ಸರಿ ಎಂದು ನನ್ನ ಅಭಿಪ್ರಾಯ.

ಎಲ್ಲಿಯವರೆಗೆ ಏರಬಹುದು?

2811 ಸೇರಿರುವ 2800 ಸರಣಿಯ ಮಾರಾಟ 2011ರಲ್ಲಿ ನಿಂತಿತು. ಬೆಂಬಲ 2016ರಲ್ಲಿ ಮುಗಿಯಿತು. ಈ ಸರಣಿಗೆ ಬಂದ ಕೊನೆಯ ಐಒಎಸ್ ಶಾಖೆ 15.1(4)ಎಂ. ಆದ್ದರಿಂದ ಇಲ್ಲಿ ಅಪ್‌ಗ್ರೇಡ್ ಎಂದರೆ ಆ ಶಾಖೆಯವರೆಗೆ ಹೋಗುವುದು ಮಾತ್ರ. ಬೆಂಬಲ ಮುಗಿದ ಮೇಲೆ ಬೆಳಕಿಗೆ ಬರುವ ದೋಷಗಳಿಗೆ ತಯಾರಕರು ಪರಿಹಾರ ಕೊಡುತ್ತಾರೆಂದು ನೆಚ್ಚಿಕೊಳ್ಳುವಂತಿಲ್ಲ.

ಮೆಮೊರಿಯ ಸಾಲು

ನನ್ನನ್ನು ತಡೆದ ಸಾಲಿನಲ್ಲಿ ‘249856ಕೆ/12288ಕೆ’ ಎಂದಿತ್ತು. ಮೊದಲನೆಯದು ಒಟ್ಟು ಮೆಮೊರಿ, ಎರಡನೆಯದು ಅದರಲ್ಲಿ ಉಳಿದದ್ದು ಎಂದು ತಿಳಿದಿದ್ದೆ. ಅದು ತಪ್ಪು. ಇಲ್ಲಿರುವ ಗೆರೆ ಭಾಗಾಕಾರವೂ ಅಲ್ಲ, ‘ಇಷ್ಟರಲ್ಲಿ ಇಷ್ಟು’ ಎಂಬ ಸೂಚನೆಯೂ ಅಲ್ಲ. ರೌಟರ್ ತನ್ನ ಕೆಲಸದ ಮೆಮೊರಿಯಾದ ಡಿರ‍್ಯಾಮ್ ಅನ್ನು ಎರಡು ಪಾಲು ಮಾಡಿಕೊಳ್ಳುತ್ತದೆ. ಐಒಎಸ್ ಮತ್ತು ರೌಟಿಂಗ್ ಟೇಬಲ್‌ಗಳು ಇರುವ ಪ್ರೊಸೆಸರ್ ಮೆಮೊರಿ ಒಂದು ಪಾಲು; ಒಳಬಂದು ಹೊರಹೋಗುವ ಪ್ಯಾಕೆಟ್‌ಗಳು ತಂಗುವ ಐ/ಒ ಮೆಮೊರಿ ಇನ್ನೊಂದು. ಆದ್ದರಿಂದ ಇವೆರಡನ್ನು ಕೂಡಿಸಬೇಕು. 249856ಕ್ಕೆ 12288 ಸೇರಿದರೆ 262144. ಅದನ್ನು 1024ರಿಂದ ಭಾಗಿಸಿದರೆ ಸರಿಯಾಗಿ 256 ಎಂಬಿ.

ಕೂಡಿಸದೆ ಬಿಟ್ಟರೆ ಏನಾಗುತ್ತದೆ ಎಂಬುದು ಎರಡನೆಯ ರೌಟರ್ ನೋಡಿದಾಗ ಅರ್ಥವಾಯಿತು. ಅದೇ ಮಾದರಿ, ಅದೇ ಡಿರ‍್ಯಾಮ್, ಆದರೆ ಸಾಲಿನಲ್ಲಿ ‘196608ಕೆ/65536ಕೆ’ ಎಂದಿತ್ತು. ಮೊದಲ ಅಂಕಿಯನ್ನಷ್ಟೇ ನೋಡಿ ಇದರಲ್ಲಿ 192 ಎಂಬಿ ಮಾತ್ರ ಇದೆ, ಒಂದು ಮೆಮೊರಿ ಚಿಪ್ ಕೆಟ್ಟಿರಬೇಕು ಎಂದುಕೊಂಡೆ. ಕೂಡಿಸಿ ನೋಡಿದರೆ ಮತ್ತೆ 262144. ಯಾರೋ ‘ಮೆಮೊರಿ-ಸೈಜ್ ಐಒಮೆಮ್’ ಕಮಾಂಡ್‌ನಿಂದ ಐ/ಒ ಪಾಲನ್ನು ಶೇ. 25ಕ್ಕೆ ಏರಿಸಿದ್ದರು. ಬಿಡುಗಡೆಯ ಟಿಪ್ಪಣಿಯಲ್ಲಿ ಒಂದು ಇಮೇಜ್‌ಗೆ ‘ಕನಿಷ್ಠ 256 ಎಂಬಿ ಡಿರ‍್ಯಾಮ್’ ಎಂದಿದ್ದರೆ ಅದು ಈ ಮೊತ್ತಕ್ಕೆ ಸಂಬಂಧಿಸಿದ ಮಾತು. ಮೊದಲ ಅಂಕಿಯೊಂದಕ್ಕೇ ಸಂಬಂಧಿಸಿದ್ದಲ್ಲ.

ಆದರೂ ಮೊತ್ತ ಸಾಕಾದ ಮಾತ್ರಕ್ಕೆ ಮುಂದುವರಿಯಬಾರದು ಎಂಬುದು ಇನ್ನೊಂದು ಮೆಟ್ಟಿಲು. ಹೆಸರಿನಲ್ಲಿ ‘ಎಂಜೆಡ್’ ಇರುವ ಇಮೇಜ್ ವಿದ್ಯುತ್ ಹೋದರೂ ಫೈಲ್‌ಗಳು ಉಳಿಯುವ ಫ್ಲ್ಯಾಶ್‌ನಲ್ಲಿ ಸಂಕುಚಿತವಾಗಿ ಕುಳಿತಿರುತ್ತದೆ. ಬೂಟ್ ಆಗುವಾಗ ಬಿಚ್ಚಿಕೊಂಡು ಡಿರ‍್ಯಾಮ್‌ನಿಂದ ಓಡುತ್ತದೆ. ಹಾಗಾಗಿ ಫ್ಲ್ಯಾಶ್‌ನಲ್ಲಿ ಕಾಣುವ ಫೈಲ್ ಗಾತ್ರಕ್ಕಿಂತ ಮೆಮೊರಿಯಲ್ಲಿ ಅದು ಹಿಡಿಯುವ ಜಾಗ ಬಹಳ ದೊಡ್ಡದು. ‘ಶೋ ಮೆಮೊರಿ ಸ್ಟ್ಯಾಟಿಸ್ಟಿಕ್ಸ್’ ತೋರಿಸುವ ಪ್ರೊಸೆಸರ್ ಸಾಲಿನ ‘ಟೋಟಲ್’ ಎಂಬುದು ಇಮೇಜ್ ತನ್ನ ಜಾಗ ಹಿಡಿದ ಮೇಲೆ ಉಳಿದದ್ದು. ಇಮೇಜ್ ದೊಡ್ಡದಾದಷ್ಟೂ ಇದು ಕುಗ್ಗುತ್ತದೆ. ಅದೇ ಸಾಲಿನ ‘ಲೋಯೆಸ್ಟ್’ ಕಾಲಂ ನನಗೆ ಎಲ್ಲಕ್ಕಿಂತ ಉಪಯುಕ್ತವಾಗಿ ಕಂಡಿತು. ರೌಟರ್ ಬೂಟ್ ಆದಂದಿನಿಂದ ಖಾಲಿ ಮೆಮೊರಿ ಅತಿ ಕಡಿಮೆಯಾಗಿದ್ದಾಗ ಎಷ್ಟಿತ್ತು ಎಂದು ಅದು ಹೇಳುತ್ತದೆ. ಬಿಚ್ಚಿಕೊಂಡ ಹೊಸ ಇಮೇಜ್ ಹಳೆಯದಕ್ಕಿಂತ 30 ಎಂಬಿ ಹೆಚ್ಚು ಹಿಡಿಯುತ್ತದೆ, ಲೋಯೆಸ್ಟ್‌ನಲ್ಲಿ 24 ಎಂಬಿ ಇದೆ ಎಂದಿಟ್ಟುಕೊಳ್ಳೋಣ. ರೌಟರ್ ಬೂಟ್ ಆಗುತ್ತದೆ, ಪರೀಕ್ಷೆಯಲ್ಲೂ ಸರಿಯಾಗಿಯೇ ಕಾಣುತ್ತದೆ; ಕೆಲಸದ ಹೊರೆ ಏರಿದ ಹೊತ್ತಿನಲ್ಲಿ ‘ಮ್ಯಾಲಾಕ್‌ಫೇಲ್’ ಸಂದೇಶ ಬರುತ್ತದೆ. ಕೇಳಿದ ಮೆಮೊರಿ ಸಿಗಲಿಲ್ಲ ಎಂಬುದೇ ಆ ಸಂದೇಶದ ಅರ್ಥ. ಹೊಸ ಆವೃತ್ತಿಯ ಪ್ರೊಸೆಸ್‌ಗಳೂ ಹೆಚ್ಚು ಮೆಮೊರಿ ಬೇಡಬಹುದಾದ್ದರಿಂದ ಲೆಕ್ಕ ಬಿಗಿಯಾಗಿ ಕುಳಿತರೆ ಸಾಲದು; ಧಾರಾಳವಾಗಿ ಉಳಿಯಬೇಕು. ಲೋಯೆಸ್ಟ್‌ನ ಅಂಕಿಯನ್ನು ರೌಟರ್ ಕೆಲವು ವಾರ ಎಡೆಬಿಡದೆ ಓಡಿದ ಮೇಲೆ ಓದಬೇಕು. ಬೂಟ್ ಮಾಡಿದ ಹತ್ತು ನಿಮಿಷಕ್ಕೆ ಓದಿದರೆ ಅದಕ್ಕೆ ಬೆಲೆಯಿಲ್ಲ.

ಫ್ಲ್ಯಾಶ್ ಮತ್ತು ಮರಳುವ ದಾರಿ

64 ಎಂಬಿ ಫ್ಲ್ಯಾಶ್‌ನಲ್ಲಿ 30 ಎಂಬಿಯ ಹಳೆಯ ಇಮೇಜ್ ಇದ್ದು, ಹೊಸದು 40 ಎಂಬಿ ಆಗಿದ್ದರೆ ಎರಡೂ ಒಟ್ಟಿಗೆ ಹಿಡಿಸುವುದಿಲ್ಲ. ಹಳೆಯದನ್ನು ಅಳಿಸಿಯೇ ಹೊಸದನ್ನು ಹಾಕಬೇಕಾಗುತ್ತದೆ; ಹೊಸದು ಬೂಟ್ ಆಗದಿದ್ದರೆ ರೌಟರ್ ರಾಮ್‌ಮಾನ್ (ಐಒಎಸ್ ಇಲ್ಲದಾಗಿನ ಮೂಲ ತುರ್ತು ಪ್ರೋಗ್ರಾಂ) ಪ್ರಾಂಪ್ಟ್‌ನಲ್ಲಿ ನಿಲ್ಲುತ್ತದೆ. ಕನ್ಸೋಲ್ ಕೇಬಲ್ ಹಿಡಿದು ಪಕ್ಕದಲ್ಲಿ ಯಾರೂ ಇಲ್ಲದ ದೂರದ ರೌಟರ್‌ನಲ್ಲಿ ಇದನ್ನು ಮಾಡಲೇಬಾರದು. ಫೈಲ್ ಕಳಿಸುವಾಗ ಟಿಎಫ್‌ಟಿಪಿ ಎಂಬ ಸರಳ ಫೈಲ್ ವರ್ಗಾವಣೆ ವಿಧಾನದ ಒಂದು ಮಿತಿಯೂ ನೆನಪಿರಲಿ: ಬ್ಲಾಕ್ ಸಂಖ್ಯೆಗೆ 16 ಬಿಟ್, ಬ್ಲಾಕ್‌ಗೆ 512 ಬೈಟ್ ಇರುವುದರಿಂದ ಹಳೆಯ ಸರ್ವರ್‌ಗಳು 32 ಎಂಬಿ ದಾಟಿದ ಫೈಲನ್ನು ನಡುವೆಯೇ ಕೈಬಿಡುತ್ತವೆ. ಫೈಲ್ ಪೂರ್ತಿ ಬಂತೆಂದು ಕಂಡರೂ ‘ವೆರಿಫೈ’ ಕಮಾಂಡ್‌ನಿಂದ ಫೈಲ್‌ನ ಗುರುತಾದ ಎಂಡಿ5 ಮೊತ್ತವನ್ನು ತಯಾರಕರು ಕೊಟ್ಟದ್ದರೊಂದಿಗೆ ತಾಳೆ ನೋಡಿಯೇ ರೀಲೋಡ್ ಮಾಡಬೇಕು.

ನಾನು ಅಭ್ಯಾಸ ಮಾಡಿದ ಎರಡು ರೌಟರ್‌ಗಳಲ್ಲಿ ಮೊದಲನೆಯದರ ಲೋಯೆಸ್ಟ್ ಧಾರಾಳವಾಗಿತ್ತು, ಫ್ಲ್ಯಾಶ್‌ನಲ್ಲಿ ಎರಡೂ ಇಮೇಜ್‌ಗಳಿಗೆ ಸ್ಥಳವಿತ್ತು. ಅದನ್ನು ಅಪ್‌ಗ್ರೇಡ್ ಮಾಡಿದೆ. ಐ/ಒ ಪಾಲು ಹೆಚ್ಚಿದ್ದ ಎರಡನೆಯದರ ಲೋಯೆಸ್ಟ್ ತೀರಾ ಕಡಿಮೆಯಿತ್ತು. ಆ ಪಾಲನ್ನು ಏಕೆ ಏರಿಸಿದ್ದರೆಂದು ಖಚಿತವಾಗುವವರೆಗೆ ಅದನ್ನು ಹಳೆಯ ಆವೃತ್ತಿಯಲ್ಲೇ ಇಟ್ಟು, ಎಸ್‌ಎನ್‌ಎಂಪಿ ಮತ್ತು ಎಸ್‌ಎಸ್‌ಎಚ್‌ಗೆ (ಗೂಢಲಿಪಿಯಲ್ಲಿ ನಡೆಯುವ ದೂರ ಲಾಗಿನ್‌ಗೆ) ಆಕ್ಸೆಸ್ ಲಿಸ್ಟ್ ಹಾಕಿದ್ದೇನೆ.